ಕಂಟ್ರೋಲರ್ ಪಂಡಿತನ ಕ್ಲಬ್ ಪರೀಕ್ಷೆ

ಸಂಗೀತ ಸಾಮಾನಿನ ಆ ಅಂಗಡಿಯಲ್ಲಿ ಎಲ್ಲರೂ ಅವನನ್ನು ಪಂಡಿತ ಎಂದೇ ಕರೆಯುತ್ತಿದ್ದರು. ಹೆಸರು ಪುಕ್ಕಟೆ ಬಂದದ್ದಲ್ಲ. ಡಿಜೆ ಆಗಬೇಕೆಂದು ಯಾರೇ ಬಂದು ಗಾಜಿನ ಕೌಂಟರಿಗೆ ಮೊಣಕೈ ಊರಲಿ, ಯಾವ ಕಂಟ್ರೋಲರ್ ಕೊಂಡರೆ ನಾಳೆ ಕ್ಲಬ್ಬಿನ ಯಂತ್ರಗಳ ಮುಂದೆ ಕೈ ನಡುಗುವುದಿಲ್ಲ ಎಂದು ಮುಕ್ಕಾಲು ಗಂಟೆ ಅವರ ತಲೆ ತಿನ್ನುವುದರಲ್ಲಿ ಅವನದು ಎತ್ತಿದ ಕೈ. ಕಂಟ್ರೋಲರ್ ಎಂದರೆ ಮತ್ತೇನಲ್ಲ, ಲ್ಯಾಪ್‌ಟಾಪಿಗೆ ಸಿಕ್ಕಿಸಿಕೊಂಡು ಒಂದು ಹಾಡಿನಿಂದ ಇನ್ನೊಂದಕ್ಕೆ ಜಾರುವ ಹಲಗೆ. ಆಚೆ ಈಚೆ ತಿರುಗುವ ತಟ್ಟೆಗಳು, ನಡುವೆ ಗುಂಡಿಗಳ ಸಂತೆ.

ಆರು ವರ್ಷ ಅವನು ಊರಿನವರನ್ನೆಲ್ಲ ಕ್ಲಬ್ಬಿಗೆ ತಯಾರು ಮಾಡಿದ. ತಾನು ಮಾತ್ರ ಕ್ಲಬ್ಬಿನಲ್ಲಿ ಒಂದೇ ಒಂದು ಸಲವೂ ನುಡಿಸಿರಲಿಲ್ಲ. ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮನೆಯಲ್ಲಿ ಊಟದ ಮೇಜಿನ ತುಂಬ ಅವನದೇ ಕಂಟ್ರೋಲರ್ ಕಾಲು ಚಾಚಿ ಮಲಗಿತ್ತು. ಅಂಗಡಿಯಲ್ಲಿದ್ದವುಗಳಲ್ಲೇ ದೊಡ್ಡದು. ಕ್ಲಬ್ಬಿನ ಯಂತ್ರಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸ ಎಂದು ಅವನೇ ಹೆಂಡತಿಗೆ ಹೇಳಿ ತಂದದ್ದು. ಅತ್ತೆ ಎರಡು ವರ್ಷದಿಂದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದರು.

"ಅಳಿಯಂದ್ರೇ, ಇನ್ನೂ ಎಷ್ಟು ದಿನ ತಯಾರಾಗ್ತೀರಿ?" ಎಂದು ಆಗಾಗ ಕೇಳುವರು.

"ಬುನಾದಿ ಗಟ್ಟಿಯಾಗ್ಬೇಕು ಅತ್ತೆ," ಎನ್ನುವನು ಪಂಡಿತ.

ಒಂದು ದಿನ ಊಟದ ಬಿಡುವಿನಲ್ಲಿ ಬಟ್ಟೆ ಕಾರ್ಖಾನೆಯ ಹೊಲಿಗೆಯವಳೊಬ್ಬಳು ಅಂಗಡಿಗೆ ಬಂದಳು. ತೋಳಿಗೆ ನೀಲಿ ದಾರದ ತುಂಡುಗಳು ಅಂಟಿದ್ದವು. ಕೆಳಗಿನ ಕಪಾಟಿನಲ್ಲಿ ದೂಳು ತಿನ್ನುತ್ತಿದ್ದ ಪುಟ್ಟ ಕಂಟ್ರೋಲರ್ ಕಡೆ ಬೆರಳು ತೋರಿಸಿದಳು. ಪಂಡಿತ ಮೂಗು ಮುರಿದ.

"ಅದು ಮಕ್ಕಳಾಟಿಕೆ ಕಣಮ್ಮ. ಕ್ಲಬ್ಬಿಗೆ ಹೋಗೋ ಆಸೆ ಇದ್ರೆ ಒಟ್ಟಿಗೆ ನಾಲ್ಕು ಹಾಡು ಹಿಡಿಯೋ ನಾಲ್ಕು ಚಾನೆಲ್‌ದು ಬೇಕು, ತಟ್ಟೆ ದೊಡ್ಡದಿರ್ಬೇಕು, ಎಲ್ಲಾ ಗುಂಡಿ ಅಲ್ಲಿ ಇದ್ದ ಜಾಗದಲ್ಲೇ ಇಲ್ಲೂ ಇರ್ಬೇಕು."

"ನನಗೆ ಇಷ್ಟೇ ಸಾಕು. ಈ ಗುಂಡಿ ಏನು ಮಾಡುತ್ತೆ?"

"ಅದು ಸಿಂಕ್. ಒತ್ತಿದ್ರೆ ಎರಡು ಹಾಡಿನ ತಾಳ ತಾನೇ ಒಂದಾಗುತ್ತೆ."

ಅವಳು ಸ್ವಲ್ಪ ಯೋಚಿಸಿದಳು. "ಹಾಗಾದ್ರೆ ನಾನೇನು ಮಾಡ್ಬೇಕು?"

ಕೊನೆಗೆ ಆ ಪುಟ್ಟದನ್ನೇ ಕೊಂಡು ಹೋದಳು. ಅವಳ ಈ ಪ್ರಶ್ನೆಯನ್ನು ಪಂಡಿತ ಅವಳ ದನಿಯಲ್ಲೇ ಅಣಕಿಸಿ, ಒಂದು ವಾರ ಚಹಾದ ಹೊತ್ತಿನಲ್ಲಿ ಅಂಗಡಿಯವರನ್ನೆಲ್ಲ ನಗಿಸಿದ.

ವರ್ಷ ತುಂಬುವ ಹೊತ್ತಿಗೆ ಕ್ಲಬ್ಬಿನ ಮಾಲೀಕ ಖುದ್ದಾಗಿ ಸ್ಪೀಕರಿನ ತಂತಿ ಕೊಳ್ಳಲು ಬಂದ. ಭಾನುವಾರ ಸಂಜೆಗೆ ಕಾಯಂ ಡಿಜೆ ಬೇಕು, ಈ ಭಾನುವಾರ ಮೂರು ಗಂಟೆಗೆ ಪರೀಕ್ಷೆ ಇಟ್ಟಿದ್ದೇನೆ ಎಂದ. ಅಂಗಡಿಯವರೆಲ್ಲ ಒಟ್ಟಿಗೆ ಪಂಡಿತನತ್ತ ತಿರುಗಿದರು. ಆರು ವರ್ಷದ ಬಡಾಯಿ ಬಂದು ಅವನ ಕುತ್ತಿಗೆಗೇ ಕೂತಿತು. ಬರುತ್ತೇನೆ ಎನ್ನದೆ ಬೇರೆ ದಾರಿ ಇರಲಿಲ್ಲ.

ಮನೆಗೆ ಹೋದವನು ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಈ ಕೆಲಸ ಸಿಕ್ಕರೆ ಕೌಂಟರಿಗೆ ಕೈ ಮುಗಿದು ಬಂದುಬಿಡುತ್ತೇನೆ ಎಂದು ಹೆಂಡತಿಗೆ ಮಾತು ಕೊಟ್ಟ. ಅವಳು ಅವನ ಕಪ್ಪು ಅಂಗಿಗೆ ಎರಡೆರಡು ಸಲ ಇಸ್ತ್ರಿ ಹಾಕಿದಳು. "ನಿಮ್ಮಿಂದ ಆಗುತ್ತೆ ರೀ," ಎಂದಳು. ಅವಳೊಬ್ಬಳು ಮಾತ್ರ ಅವನನ್ನು ಪೂರ್ತಿ ನಂಬಿದ್ದಳು. ಹಾಗಾಗಿಯೇ ಆ ಮಾತು ಕೇಳಿ ಅವನಿಗೆ ಹೆದರಿಕೆಯಾಯಿತು.

ಭಾನುವಾರ ಮಧ್ಯಾಹ್ನ ಕ್ಲಬ್ಬಿನ ದೀಪಗಳೆಲ್ಲ ಉರಿಯುತ್ತಿದ್ದವು. ಕುರ್ಚಿಗಳು ಮೇಜಿನ ಮೇಲೆ ಕಾಲು ಮೇಲೆ ಮಾಡಿ ಕೂತಿದ್ದವು. ಒಬ್ಬ ಕೆಲಸಗಾರ ನೆಲ ಒರೆಸುತ್ತಿದ್ದ. ಪರೀಕ್ಷೆಗೆ ಬಂದವರು ಇಬ್ಬರೇ. ಇನ್ನೊಬ್ಬರು ಯಾರೆಂದು ನೋಡಿದರೆ ಆ ಹೊಲಿಗೆಯವಳು. ಪಂಡಿತನಿಗೆ ನಗು ಬಂತು. ಮಕ್ಕಳಾಟಿಕೆಯವಳು ಎದುರಾಳಿ ಎಂದರೆ ಕೆಲಸ ಆದಂತೆಯೇ ಎಂದುಕೊಂಡ.

ವೇದಿಕೆ ಹತ್ತಿದಾಗ ನಗು ನಿಂತಿತು. ಲ್ಯಾಪ್‌ಟಾಪಿಗೆ ಅಲ್ಲಿ ಜಾಗವೇ ಇರಲಿಲ್ಲ. ಹಳೆಯ ಪ್ಲೇಯರುಗಳೆರಡು, ನಡುವೆ ಎರಡರ ದನಿ ಬೆರೆಸುವ ಮಿಕ್ಸರ್, ಹಾಡುಗಳಿಗೆ ಒಂದು ಪೆನ್‌ಡ್ರೈವ್. ಗುಂಡಿಗಳೇನೋ ಅವನು ಆರು ವರ್ಷ ಹೇಳಿದ ಜಾಗದಲ್ಲೇ ಇದ್ದವು. ಆದರೆ ಅಂಗೈಯಗಲದ ಪರದೆಯಲ್ಲಿ ಬರೀ ಅಂಕಿ. ಹಾಡು ಎಲ್ಲಿ ಏಳುತ್ತದೆ, ಎಲ್ಲಿ ಬೀಳುತ್ತದೆ ಎಂದು ಲ್ಯಾಪ್‌ಟಾಪ್ ತೋರಿಸುವ ಬಣ್ಣದ ಅಲೆಗಳಿಲ್ಲ. ಅವನ ಹೆಬ್ಬೆರಳು ಅಭ್ಯಾಸಬಲದಿಂದ ಒಂದು ಗುಂಡಿಯನ್ನು ಹುಡುಕಿ ಹೊರಟಿತು. ಅದೊಂದು ಮಾತ್ರ ಇರಲಿಲ್ಲ.

"ಸರ್, ಸಿಂಕ್ ಎಲ್ಲಿದೆ?"

"ಅದೆಲ್ಲ ಇಲ್ಲಿಲ್ಲ. ಕಿವಿ ಇದೆಯಲ್ಲ, ಅದರಲ್ಲೇ ಮಾಡಿ," ಎಂದ ಮಾಲೀಕ.

ಮೊದಲನೆಯ ಹಾಡು ಚೆನ್ನಾಗಿಯೇ ಹೋಯಿತು. ಹಾಡು ತಾನಾಗಿ ಓಡುವುದಕ್ಕೆ ಪಂಡಿತ ಬೇಕಿಲ್ಲವಲ್ಲ. ಎರಡನೆಯದನ್ನು ಬಿಟ್ಟ ಕೂಡಲೇ ಎರಡೂ ಕಾಲಿಗೆ ಕಾಲು ಕೊಟ್ಟು ಮುಗ್ಗರಿಸಿದವು. ಅವನು ವೇಗ ಏರಿಸಿದ, ಇನ್ನೂ ಕೆಟ್ಟಿತು. ಇಳಿಸಿದ, ಮೊದಲಿಗಿಂತ ಕೆಟ್ಟಿತು. ಯಾವ ಹಾಡು ಮುಂದೆ, ಯಾವುದು ಹಿಂದೆ ಎಂಬುದೇ ಅವನ ಕಿವಿಗೆ ಹೊಳೆಯಲಿಲ್ಲ. ನೆಲ ಒರೆಸುವವನು ಕೋಲು ಹಿಡಿದು ನಿಂತುಬಿಟ್ಟ. ಇಸ್ತ್ರಿ ಮಾಡಿದ ಅಂಗಿ ಬೆನ್ನಿಗೆ ಅಂಟಿತು.

"ಸಾಕು," ಎಂದ ಮಾಲೀಕ. ಒಂದೂವರೆ ನಿಮಿಷ ಆಗಿತ್ತು.

ಹೊಲಿಗೆಯವಳು ಹೆಡ್‌ಫೋನನ್ನು ಒಂದೇ ಕಿವಿಗೆ ಒತ್ತಿಕೊಂಡು ತಲೆ ಬಗ್ಗಿಸಿದಳು. ವೇಗದ ಪಟ್ಟಿಯನ್ನು ಒಂದಿಷ್ಟೇ ಸರಿಸಿದಳು. ಎರಡನೆಯ ಹಾಡು ಯಾವಾಗ ಬಂತೆಂದು ಯಾರಿಗೂ ತಿಳಿಯಲಿಲ್ಲ. ನೆಲ ಒರೆಸುವವನ ಕೈ ಮತ್ತೆ ಓಡತೊಡಗಿತು, ಅದೂ ತಾಳಕ್ಕೆ ಸರಿಯಾಗಿ.

ಅವಳು ಕೆಳಗಿಳಿದಾಗ ಪಂಡಿತ ಇಂಗು ತಿಂದ ಮಂಗನ ಮುಖ ಹೊತ್ತು ಕೇಳಿದ, "ಆ ಆಟಿಕೆಯಲ್ಲಿ ಇದನ್ನೆಲ್ಲ ಹೇಗೆ ಕಲಿತ್ರಿ?"

"ನೀವೇ ಹೇಳಿದ್ರಲ್ಲ, ಒತ್ತಿದ್ರೆ ಅದೇ ಮಾಡುತ್ತೆ ಅಂತ. ಅದು ಮಾಡಿದ್ರೆ ನನಗೇನು ಬಂದ ಹಾಗಾಯ್ತು? ಅವತ್ತೇ ಆ ಗುಂಡಿ ಮೇಲೆ ಬಟ್ಟೆ ಚೂರು ಇಟ್ಟು ಅಂಟಿಸಿಬಿಟ್ಟೆ. ಲ್ಯಾಪ್‌ಟಾಪ್ ಪರದೆಗೂ ಒಂದು ಬಟ್ಟೆ ಇಳಿಬಿಟ್ಟೆ. ಆಮೇಲೆ, ನಮ್ಮ ಸಾಲಲ್ಲಿ ಹನ್ನೆರಡು ಮೆಷಿನ್ ಓಡ್ತವೆ. ಯಾವುದು ಹಿಂದೆ ಬಿತ್ತು ಅಂತ ತಲೆ ಎತ್ತದೇನೇ ಗೊತ್ತಾಗುತ್ತೆ. ಇಲ್ಲಿ ಎರಡೇ ತಾನೆ?" ಅವಳ ಮಾತಿನಲ್ಲಿ ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ಅವನಿಗೆ ತಿರುಗಿ ಏನಾದರೂ ಅನ್ನಲು ಆಗುತ್ತಿತ್ತು.

ಮನೆಯಲ್ಲಿ ಹೆಂಡತಿ ಅವನ ಮುಖ ನೋಡಿದಳು. ಅಂಗಿ ಈಸಿಕೊಂಡು ಒಗೆಯಲು ಹಾಕಿದಳು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

"ಮೇಜು ಇನ್ನು ಖಾಲಿಯಾಗುತ್ತಾ?" ಎಂದರು ಅತ್ತೆ.

ಸೋಮವಾರ ಬೆಳಿಗ್ಗೆ ಕೌಂಟರಿನ ಮುಂದೆ ಒಬ್ಬ ನರ್ಸ್ ನಿಂತಿದ್ದಳು, ಪಾಳಿ ಮುಗಿಸಿ ನೇರ ಬಂದವಳು. ಕ್ಲಬ್ಬಿಗೆ ತಯಾರು ಮಾಡುವಂಥದ್ದು ಬೇಕು ಎಂದಳು. ಪಂಡಿತನ ನಾಲಿಗೆಗೆ ನಾಚಿಕೆ ಎಂಬುದು ತಿಳಿಯದು. ಅದು ತಾನಾಗಿ ಶುರುವಾಯಿತು.

"ನೋಡಿ ಮೇಡಂ, ನಾನು ಕ್ಲಬ್ಬಲ್ಲಿ ನುಡಿಸಿದಾಗ..." ಈಗ ಇದು ಸುಳ್ಳೂ ಅಲ್ಲ.

ಗಿರಾಕಿಗಳಿಗೆ ತೋರಿಸಲೆಂದೇ ಆರು ವರ್ಷದಿಂದ ಅವನೊಬ್ಬನೇ ನುಡಿಸುತ್ತಿದ್ದ ಕಂಟ್ರೋಲರನ್ನು ಅವಳತ್ತ ತಿರುಗಿಸಿದ. ಅವಳು ಬಗ್ಗಿ ನೋಡಿದಳು.

"ಎಲ್ಲಾ ಹೊಸದರ ಹಾಗೇ ಇದೆಯಲ್ಲ. ಇದೊಂದು ಗುಂಡಿ ಮೇಲೆ ಮಾತ್ರ ಅಕ್ಷರ ಯಾಕೆ ಅಳಿಸಿಹೋಗಿದೆ?"

ಪಂಡಿತ ಬಾಯಿ ತೆರೆಯುವ ಮೊದಲೇ ಅವನ ಹೆಬ್ಬೆರಳು ತಾನಾಗಿ ಹೋಗಿ ಆ ಗುಂಡಿಯ ಸವೆದ ಗುಳಿಯಲ್ಲಿ ಸರಿಯಾಗಿ ಕೂತುಕೊಂಡಿತು.