ಸಣ್ಣ ಕಣ್ಣಿನ ಬಲೆ

ಬಟ್ಟೆ ಬದಲಿಸುವ ಮೂಲೆಯ ಪರದೆಯ ಆಚೆಯಿಂದ "ಹುವಾ ಕ್ಯಾ, ಮ್ಯಾಡಮ್?" ಎಂದು ಅಂಗಡಿಯವಳ ಹಿಂದಿ ಎರಡನೆಯ ಸಲ ಕೇಳಿಸಿದಾಗ ರಮಿತಾ ಇನ್ನೂ ಒಂದು ಕಾಲನ್ನಷ್ಟೇ ಒಳಗೆ ತೂರಿಸಿದ್ದಳು. ಮೀನಿನ ಬಲೆಯಂತೆ ಹೆಣೆದ ಕಪ್ಪು ಬಾಡಿಸೂಟ್. ಪೊಟ್ಟಣದ ಮೇಲೆ ಫ್ರೀ ಸೈಜ್ ಎಂದಿತ್ತು. ಹೇಗೋ ಎಳೆದು ಹೆಗಲಿಗೇರಿಸಿದಳು. ಅವಳ ಪುಟ್ಟ ಮೈಗೆ ಅದು ಉದ್ದವಾಗಿ, ತೊಡೆಗಳ ನಡುವೆ ಗೇಣುದ್ದ ಜೋತುಬಿತ್ತು.

"ಅಯ್ಯೋ, ಇದೆಂತ ಅವಸ್ಥೆ," ಎಂದು ಮನಸ್ಸಿನಲ್ಲಿ ಅಂದುಕೊಂಡದ್ದು ಬಾಯಿಂದ ಹೊರಗೇ ಬಂತು.

ಪರದೆಯ ಆಚೆಯ ದನಿ ಕನ್ನಡಕ್ಕೆ ತಿರುಗಿತು. "ಕನ್ನಡದೋರೇನ್ರಿ ಅಕ್ಕಾರ?"

ರಮಿತಾ ಕಳಚಿಟ್ಟ ಬಟ್ಟೆಯನ್ನು ಎದೆಗೊತ್ತಿಕೊಂಡಳು. ತಾನಿರುವ ನೆರೂಳಿನಲ್ಲಾದರೆ ಗುರುತಿನವರು ಕಂಡಾರೆಂದು ಥಾಣೆಯಲ್ಲಿ ಲೋಕಲ್ ರೈಲುಗಾಡಿ ಬದಲಿಸಿ, ವಿಠ್ಠಲವಾಡಿಯಲ್ಲಿ ಇಳಿದು, ಉಲ್ಹಾಸನಗರದ ಈ ಗಲ್ಲಿಯನ್ನು ಹುಡುಕಿಕೊಂಡು ಬಂದಿದ್ದಳು. ಇಲ್ಲೂ ಕನ್ನಡ.

"ಹೌದು. ಕುಂದಾಪುರದ ಬದಿ."

"ನಂದು ಸೇಡಮ್ ಕಡಿ ರೀ. ಸಾಬವ್ವ ಅಂತಾರ. ನಾಚಬ್ಯಾಡ್ರಿ, ದಿನಾ ಇದೇ ಮಾರ್ತೀನಿ. ಜೋತ್ ಬಿದ್ದದೇನು?"

"ಇನ್ನೊಬ್ಬಳು ಒಳಗೆ ಹಿಡಿಯಬಹುದು."

ಸಾಬವ್ವ ನಕ್ಕಳು. ಪರದೆಯ ಸಂದಿನಿಂದ ಬಳೆ ತೊಟ್ಟ ಕೈಯೊಂದು ಇನ್ನೊಂದು ಪೊಟ್ಟಣವನ್ನು ಚಾಚಿತು.

ಎರಡನೆಯದು ಅಳತೆಗೆ ಸರಿಯಿತ್ತು, ಆದರೆ ಹೆಣಿಗೆಯ ಕಣ್ಣುಗಳು ಅಂಗೈಯಗಲ. ಕನ್ನಡಿಯಲ್ಲಿ ಅವಳು ಹುರಿ ಸುತ್ತಿದ ಪಾರ್ಸಲ್ಲಿನಂತೆ ಕಂಡಳು. ಅದನ್ನು ಬಿಚ್ಚುತ್ತ, ತಾನು ಯಾತಕ್ಕೆ ಬಂದೆ ಎಂದು ಅವಳಿಗೇ ಬೇಸರವಾಯಿತು. ಗಂಡ ತಾರಾನಾಥ ವಾಶಿಯ ಹೋಟೆಲೊಂದರಲ್ಲಿ ರಾತ್ರಿಪಾಳಿಯ ಮ್ಯಾನೇಜರ್. ಅವನು ಬೆಳಿಗ್ಗೆ ಬೂಟು ಕಳಚುವ ಹೊತ್ತಿಗೆ ಅವಳು ಕಾಲೇಜಿನ ಆಫೀಸಿಗೆಂದು ಚಪ್ಪಲಿ ಮೆಟ್ಟುತ್ತಿದ್ದಳು. ಮಕ್ಕಳಿಲ್ಲ. ಅವನು ಕೆಟ್ಟವನಲ್ಲ, ಮೀನು ತರುತ್ತಿದ್ದ, ಅವಳಿಗೆ ಜ್ವರ ಬಂದರೆ ಗಂಜಿ ಬೇಯಿಸುತ್ತಿದ್ದ. ಜಗಳವೂ ಇರಲಿಲ್ಲ. ಜಗಳವಾಡುವುದಕ್ಕೂ ಇಬ್ಬರು ಒಟ್ಟಿಗೆ ಎಚ್ಚರವಿರಬೇಕಲ್ಲ. ಅವನು ತನ್ನನ್ನು ಕಡೆಯ ಸಲ ಮುಟ್ಟಿದ್ದು ಯಾವಾಗ ಎಂದು ಬರುವಾಗ ಗಾಡಿಯಲ್ಲಿ ನೆನಪು ಮಾಡಿಕೊಳ್ಳಲು ಹೋಗಿ, ಕಳೆದ ವರ್ಷದ ಚೌತಿಯವರೆಗೆ ತಲುಪಿ, ಅಲ್ಲಿಗೇ ಬಿಟ್ಟುಬಿಟ್ಟಿದ್ದಳು.

"ಇನ್ನೂ ಸಣ್ಣ ಹೆಣಿಗೆಯದ್ದು ಇಲ್ವಾ?"

"ಅದ ರೀ. ಉದ್ದ ತೋಳಿಂದು. ಕಾಲಿನ ಕಡಿ ಎತ್ತರಕ್ಕ ಕತ್ತರಿಸ್ಯಾರ, ಕಾಲು ಉದ್ದ ಕಾಣ್ತಾವ."

ಮೂರನೆಯದು ಮೈಗೆ ಕೂತಿತು. ಕೊರಳು ಚೂಪಾಗಿ ಕೆಳಗಿಳಿದಿತ್ತು, ಸೊಂಟದ ಹೊಲಿಗೆ ಸೊಂಟದಲ್ಲೇ ನಿಂತಿತ್ತು. ಶಾಲೆಯಲ್ಲಿ ಯಾವಾಗಲೂ ಸಾಲಿನ ಮೊದಲು ನಿಲ್ಲಿಸುತ್ತಿದ್ದ, ಈಗಲೂ ಅಂಗಡಿಯವರು ಹುಡುಗಿಯರ ವಿಭಾಗಕ್ಕೆ ಕೈ ತೋರಿಸುವ ದೇಹ ಇದೇ ಏನು? ರಮಿತಾ ಪಕ್ಕಕ್ಕೆ ತಿರುಗಿದಳು. ಮತ್ತೆ ಎದುರಿಗೆ ತಿರುಗಿದಳು. ಹೊರಗೆ ಯಾರೂ ಅವಸರಪಡಿಸಲಿಲ್ಲ.

ಪೊಟ್ಟಣ ಕಟ್ಟುವಾಗ ಸಾಬವ್ವ ಮೆಲ್ಲಗೆ ಕೇಳಿದಳು, "ಮನಿಯವರಿಗಿ ಸೇರ್ತದೇನ್ರಿ?"

"ಗೊತ್ತಿಲ್ಲ."

ಸಾಬವ್ವ ತಲೆಯಾಡಿಸಿದಳು. ಎತ್ತರದ, ಅಗಲ ಹೆಗಲಿನ ಹೆಂಗಸು. "ನಮ್ಮಾಂವ ಪನವೇಲದಾಗ ಬಿಲ್ಡಿಂಗ್ ಕೆಲಸಕ್ಕದಾನ್ರಿ. ತಿಂಗಳಿಗೊಮ್ಮಿ ಬರ್ತಾನ. ಬಂದರ ನಿದ್ದಿ. ಎಬ್ಬಸಾಕ ಮನಸಾಗಂಗಿಲ್ಲ."

ಮರುದಿನ ಭಾನುವಾರ. ಮಧ್ಯಾಹ್ನದ ನಿದ್ದೆ ಮುಗಿಸಿ ತಾರಾನಾಥ ಸೋಫಾದಲ್ಲಿ ಚಹಾ ಕುಡಿಯುತ್ತಿದ್ದ. ರಮಿತಾ ಬಾಗಿಲ ಚಿಲಕ ನೋಡಿ ಬಂದಳು, ಕಿಟಕಿಯ ಪರದೆ ಎಳೆದಳು. ಅವನ ಎದುರು ನಿಂತು ಹೌಸ್‌ಕೋಟಿನ ಗುಂಡಿಗಳನ್ನು ಬಿಚ್ಚಿದಳು.

ಅವನು ತಲೆಯೆತ್ತಿದ. ಕಪ್ಪನ್ನು ಕೆಳಗಿಟ್ಟ.

"ಇದೆಂತ ಮಾರಾಯ್ತಿ, ಮೀನಿನ್ ಬಲಿಯಾ?"

ಅವನ ದನಿಯಲ್ಲಿ ಗೇಲಿ ಇರಲಿಲ್ಲ. ಎದ್ದು ಹತ್ತಿರ ಬಂದ. ಅವಳು ಕಣ್ಣು ಮುಚ್ಚಿದಳು. ಅವನ ಬೆರಳುಗಳು ಹೆಗಲ ಮೇಲಿನ ಹೆಣಿಗೆಯನ್ನು ಚಿವುಟಿ ಹಿಡಿದು, ಒಂದು ಕಣ್ಣನ್ನು ಅಗಲಿಸಿ ನೋಡಿದವು.

"ಕಣ್ಣ್ ಭಾರೀ ಸಣ್ದ್. ಬೈಗಿಯಂತ ಸಣ್ಣ್ ಮೀನ್ ಹಿಡೂಕೆ ಅಪ್ಪಯ್ಯನ ಹತ್ರ ಇಂತದ್ದೇ ಒಂದಿತ್ತ್. ಹರ್ದ್ರೆ ನನ್ನೇ ಕೂರ್ಸಿ ಹೆಣೂಕೆ ಹೇಳ್ತಿದ್ರ್. ನನ್ ಬೆರಳ್ ಸಪೂರ ಅಲ್ದಾ ಆಗ."

ಅವನು ಹೇಳುತ್ತ ಹೋದ. ಮರಳಿನ ಮೇಲೆ ಒಣಹಾಕಿದ ಬಲೆ, ಗಂಟು ತಪ್ಪಿದರೆ ಅಪ್ಪಯ್ಯ ತಲೆಗೆ ಕೊಡುತ್ತಿದ್ದ ಪೆಟ್ಟು, ಬಲೆ ತುಂಬಿದ ದಿನ ದೋಣಿ ಎಳೆಯುವವರ ಕೂಗು. ಎಷ್ಟೋ ತಿಂಗಳುಗಳಲ್ಲಿ ಅವನು ಇಷ್ಟು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಕಣ್ಣು ತೆರೆದಾಗ ಅವನ ನೋಟ ಅವಳ ಹೆಗಲನ್ನು ದಾಟಿ ಗೋಡೆಯ ಮೇಲಿತ್ತು. ಬೆರಳುಗಳು ಮಾತ್ರ ಇನ್ನೂ ಹೆಣಿಗೆಯಲ್ಲಿದ್ದವು. ಅವಳು ಅಲುಗಾಡದೆ ನಿಂತಳು. ಅಲುಗಿದರೆ ಅವನು ಕೈ ತೆಗೆದುಬಿಡುತ್ತಿದ್ದ.

"ಆಮೇಲೆ?" ಎಂದಳು.

"ಆಮೇಲೆಂತ. ದೋಣಿ ಮಾರಿದ್ರ್." ಅವನು ಕೈ ತೆಗೆದ. ಅವಳನ್ನು ಈಗಷ್ಟೇ ಕಂಡವನಂತೆ, "ಚಳಿ ಆತಿಲ್ಯಾ ನಿಂಗೆ?" ಎಂದು ಕೇಳಿ, ಹೋಗಿ ಫ್ಯಾನು ಆರಿಸಿದ. ತಣ್ಣಗಾದ ಚಹಾ ಮುಗಿಸಿ, ಕೆಲಸಕ್ಕೆ ಹೊರಡಲು ಸ್ನಾನಕ್ಕೆ ಹೋದ.

ಸಂಜೆ ಅವನು ಹೊರಟ ಮೇಲೆ ರಮಿತಾ ಅದನ್ನು ಕಳಚಿ, ಮಡಚಿ, ಸೀರೆಗಳ ಕೆಳಗಿಟ್ಟಳು. ಒಬ್ಬಳಿಗಾಗುವಷ್ಟು ಅಕ್ಕಿ ತೆಗೆದು ತೊಳೆಯಲು ಕೂತಾಗ ಮುಂಗೈಯಿಂದ ಮೊಣಕೈಯವರೆಗೆ ಹೆಣಿಗೆಯ ಗುರುತುಗಳು ಕೆಂಪಗೆ ಎದ್ದಿದ್ದವು. ಕೈಯನ್ನು ಅಕ್ಕಿನೀರಿನಲ್ಲಿ ಹಾಗೇ ಬಿಟ್ಟು, ಅವು ಒಂದೊಂದಾಗಿ ಮಾಸುವುದನ್ನು ಅವಳು ನೋಡುತ್ತ ಕೂತಳು.