ನಾಲ್ಕು ಎಣಿಕೆಯ ಮೌನ

ಸಂಗೀತ ಶಾಲೆಯ ಕಾರ್ಯದರ್ಶಿ ಕಾರ್ಯಕ್ರಮದ ಕರಪತ್ರದ ಕರಡು ತಿದ್ದುತ್ತಿದ್ದಾಗ ಪಿಟೀಲು ಟೀಚರ್ ಬಂದು ಹಳದಿಗಟ್ಟಿದ ಹಾಳೆಯೊಂದನ್ನು ಮುಂದಿಟ್ಟರು. ಶಾಲೆ ಕಟ್ಟಿದ ಅವನ ತಾತನ ಹೆಸರಿನಲ್ಲಿ ಅಚ್ಚಾದ ರಚನೆಯ ಮೂಲ ಸ್ವರಲಿಪಿ ಅದು. ಮಗುಚಿದರೆ, ಹಿಂದೆ ತೋಳು, ಕಾಲರ್, ಎದೆಸುತ್ತಿನ ಅಳತೆಗಳು. ಎರಡೂ ಕಡೆ ಒಂದೇ ಕೈಬರಹ.

"ನಿಮ್ಮ ತಾತ ಬಟ್ಟೆ ಹೊಲೀತಿದ್ರಾ ಸರ್?"

ಅವನು ನಕ್ಕ. "ತಾತನಿಗೆ ಸೂಜಿಗೆ ದಾರ ಪೋಣಿಸೋಕೂ ಬರ್ತಿರಲಿಲ್ಲ. ಹೊಲೀತಿದ್ದದ್ದು ಅಜ್ಜಿ." ಹೇಳಿದ ಮೇಲೆ ನಗು ತಾನಾಗಿ ನಿಂತಿತು.

"ಹಾಗಾದ್ರೆ ಅಜ್ಜಿ ಹೆಸರು ಹಾಕೋಣ."

"ತಾತ ಹೇಳಿದ್ದನ್ನ ಅಜ್ಜಿ ಬರ್ಕೊಂಡಿರಬಹುದಲ್ಲ ಟೀಚರ್? ಈ ಶಾಲೆಗೆ ಜೀವ ತೇದವರು ತಾತ. ಒಂದು ಹಾಳೆ ನೋಡಿ ಅವರನ್ನ ಅಳಿಸಲಾ? ಸತ್ತವರಿಗೆ ಹೆಸರು ಕಟ್ಕೊಂಡು ಏನಾಗ್ಬೇಕು?"

"ಏನೂ ಆಗ್ಬೇಕಿಲ್ಲ ಅಂದ್ರೆ ತಾತನ ಹೆಸರೂ ಬೇಡ ಬಿಡಿ," ಎಂದರು ಟೀಚರ್. "ಹೋಗ್ಲಿ, ಇದರಲ್ಲಿ ನಡುನಡುವೆ ನಾಲ್ಕು ಎಣಿಕೆ ಮೌನ ಇದೆ. ಅಚ್ಚಿನಲ್ಲಿ ಅಲ್ಲೆಲ್ಲ ಸ್ವರ ತುಂಬಿದಾರೆ. ಇದ್ದ ಹಾಗೇ ನುಡಿಸೋಕಾದ್ರೂ ಬಿಡಿ."

"ನುಡಿಸಿ. ಜನ ನಕ್ಕರೆ ನನ್ನ ತಲೆಗೆ ಕಟ್ಟಬೇಡಿ."

ಕರಪತ್ರ ತಾತನ ಹೆಸರಿನಲ್ಲೇ ಅಚ್ಚಾಯಿತು.

ಕಾರ್ಯಕ್ರಮದ ಸಂಜೆ ಅವನು ಬಾಗಿಲ ಬಳಿ, ಕೊನೆಯ ಸಾಲಿನಲ್ಲಿ ಕುಳಿತಿದ್ದ ಮುದಿ ಸೋದರತ್ತೆಯ ಪಕ್ಕ ನಿಂತಿದ್ದ. ಪಿಟೀಲು ಓಡಿ ಓಡಿ ಥಟ್ಟನೆ ನಿಂತಿತು. "ಪಾಪ, ಮರ್ತೇಬಿಟ್ರು," ಎಂದು ಯಾರೋ ಪಿಸುಗುಟ್ಟಿದರು. ನಾಲ್ಕು ಎಣಿಕೆ ಕಳೆದು ಪಿಟೀಲು ಮತ್ತೆ ಹೊರಟಿತು.

ಎರಡನೇ ಸಲ ಮೌನ ಬಂದಾಗ ಅವನು ಅತ್ತೆಯ ಕೈ ನೋಡಿದ. ಎರಡು ಬೆರಳು ಕತ್ತರಿಯಂತೆ ಗಾಳಿಯಲ್ಲಿ ಕೂಡಿದವು. ಪಿಟೀಲು ಹೊರಡುವುದಕ್ಕೂ ಅವರ ಪಾದ ನೆಲ ತುಳಿಯುವುದಕ್ಕೂ ಸರಿಹೋಯಿತು.

"ಏನತ್ತೆ ಅದು?"

"ದಾರ ಕತ್ತರಿಸೋದು ಕಣೋ. ನಮ್ಮಮ್ಮ ಹೊಲಿಗೆ ಮಿಷನ್ ತುಳೀತಾನೇ ಇದನ್ನ ಕಟ್ಟಿದ್ದು. ಹೊಲಿಗೆ ಸಾಲು ಮುಗಿದ್ರೆ ಹಾಡೂ ನಿಲ್ತಿತ್ತು."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಹೇಳಿದ್ದೆ. ಸುಮ್ನಿರೇ ಅಂದ ನಿಮ್ಮಪ್ಪ."

ಅವನು ಜೇಬಿನಿಂದ ಕರಪತ್ರ ತೆಗೆದು ತಾತನ ಹೆಸರಿನ ಮೇಲೆ ಗೀಟೆಳೆದ. ಮೇಲೆ ಬರೆಯಲು ಹೋದರೆ ಪೆನ್ನು ಓಡಲಿಲ್ಲ. ಅವನು ಹುಟ್ಟಿದಾಗಿನಿಂದ ಮನೆಯಲ್ಲಿ ಎಲ್ಲರೂ ಅವಳನ್ನು ಬರೀ ಅಜ್ಜಿ ಅಂದಿದ್ದರು.

"ಅತ್ತೆ," ಅವನು ತಲೆ ತಗ್ಗಿಸಿ ಕೇಳಿದ, "ಅಜ್ಜಿ ಹೆಸರೇನು?"

ಅತ್ತೆ ಅವನ ಮುಖವನ್ನೇ ನೋಡಿದರು. "ಕೂತ್ಕೋ. ಒಂದೊಂದೇ ಅಕ್ಷರ ಹೇಳ್ತೀನಿ. ತಪ್ಪಿಲ್ಲದೆ ಬರ್ಕೋ."

ಚಪ್ಪಾಳೆ ನಿಲ್ಲುವ ಮೊದಲೇ ಅವನು ಆ ಕಾಗದ ಹಿಡಿದು ವೇದಿಕೆಯ ಮೆಟ್ಟಿಲು ಹತ್ತಿದ.