ತಲೆಕೆಳಗು ಕ್ಯಾಮೆರಾ

ನನ್ನ ಗಂಡ ವರ್ನನ್ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಮನಸ್ಸು ಬರಲಿಕ್ಕಿಲ್ಲ. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ, ಚಳಿಗಾಲದ ಸೌದೆಯನ್ನು ಆಗಸ್ಟಿನಲ್ಲೇ ಒಡೆದು ಒಟ್ಟಿರುತ್ತಾನೆ. ಅವನಿಗಿರುವುದು ಒಂದೇ ಚಟ: ಸರಿಯಾಗಿ ನಡೆಯುತ್ತಿರುವ ಯಾವುದನ್ನೂ ಅದರ ಪಾಡಿಗೆ ಬಿಡಲಾರ.

ನಮ್ಮ ಮನೆಯ ಕಂಪ್ಯೂಟರುಗಳಲ್ಲಿ ಲಿನಕ್ಸ್ ಎಂಬ, ಯಾವ ಕಂಪನಿಗೂ ಸೇರದ ಪುಕ್ಕಟೆ ವ್ಯವಸ್ಥೆ ಬಿಟ್ಟು ಬೇರೇನೂ ನಡೆಯುವುದಿಲ್ಲ. ಹೊಸ ಲ್ಯಾಪ್‌ಟಾಪ್ ಬಂದ ದಿನವೇ ಅದರೊಳಗಿದ್ದದ್ದನ್ನೆಲ್ಲ ಒರೆಸಿ ಲಿನಕ್ಸ್ ಹಾಕುವುದು ವರ್ನನ್ನನಿಗೆ ಮಡಿ ಇದ್ದ ಹಾಗೆ. ಸ್ಮಾರ್ಟ್‌ಫೋನು ಹೊಸ್ತಿಲು ದಾಟುವಂತಿಲ್ಲ, ಅದು ನಮ್ಮನ್ನು ಕದ್ದು ನೋಡುತ್ತದಂತೆ. ಇಬ್ಬರ ಹತ್ತಿರವೂ ಇರುವುದು ಬರೀ ಕರೆ, ಸಂದೇಶದ ಹಳೇ ಮಡಚುವ ಫೋನು. ಈ ಸುಪೀರಿಯರ್ ಸರೋವರದ ದ್ವೀಪದಲ್ಲಿ, ಊರಿನಿಂದ ಹನ್ನೆರಡು ಮೈಲಿ ದೂರದ ಈ ತುದಿಯಲ್ಲಿ, ನಮ್ಮನ್ನು ಕದ್ದು ನೋಡಿ ಯಾರು ಏನು ಸಂಪಾದಿಸುತ್ತಾರೋ ನನಗಂತೂ ತಿಳಿಯದು. ಬೇಸಿಗೆಗೆ ಮಾತ್ರ ಬರುವವರ ಮನೆಗಳಿಗೆಲ್ಲ ಬೀಗ. ಚಳಿಗಾಲದಲ್ಲಿ ಇಲ್ಲಿರುವುದು ನಾವಿಬ್ಬರೇ.

ಲ್ಯಾಪ್‌ಟಾಪ್ ಕೊಂಡದ್ದು ನನಗಾಗಿ, ಅಂದರೆ ನನ್ನ ತಂಗಿ ಲೆಂಪಿಗಾಗಿ. ಲೆಂಪಿಗೆ ಎರಡು ವರ್ಷದವಳಿದ್ದಾಗ ಬಂದ ಜ್ವರದಲ್ಲಿ ಕಿವಿ ಹೋಯಿತು. ಅವಳು ಕಿವುಡರ ಶಾಲೆಗೆ ಸೇರುವ ಮೊದಲೇ ನಾವಿಬ್ಬರೂ ಕೈಯಲ್ಲೇ ನಮ್ಮದೊಂದು ಭಾಷೆ ಮಾಡಿಕೊಂಡಿದ್ದೆವು. ಈಗಲೂ ಅದರಲ್ಲೇ ಮಾತು. ಹಾಗಾಗಿ ನನಗೆ ಅವಳ ಕೈ ಕಾಣಬೇಕು, ಅವಳಿಗೆ ನನ್ನದು. ಧ್ವನಿ ಹೇಗಿದ್ದರೆ ನಮಗೇನು, ಕ್ಯಾಮೆರಾ ಸರಿ ಇರಬೇಕು.

ನಮ್ಮ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡದಿದ್ದದ್ದು ಅದೊಂದೇ. ಮಿಕ್ಕವರ ಮನೆಯಲ್ಲಿ ಮುಚ್ಚಳ ತೆಗೆದರೆ ಮುಖ ಕಾಣುತ್ತದೆ. ನಮ್ಮ ಮನೆಯಲ್ಲಿ ಆ ಕ್ಯಾಮೆರಾವನ್ನು ಲಿನಕ್ಸ್‌ಗೆ ಪರಿಚಯ ಮಾಡಿಸುವ ಡ್ರೈವರ್ ಬೇಕಿತ್ತು, ಅದನ್ನು ಕಂಪನಿಯವರು ಬರೆದಿರಲಿಲ್ಲ. ಜರ್ಮನಿಯ ಯಾವನೋ ಪುಣ್ಯಾತ್ಮ ಬಿಡುವಿನಲ್ಲಿ ಬರೆದದ್ದನ್ನು ವರ್ನನ್ ಹುಡುಕಿ ತಂದು ಹೊಂದಿಸುವಷ್ಟರಲ್ಲಿ ಹನ್ನೊಂದು ತಿಂಗಳು. ಆ ಹನ್ನೊಂದು ತಿಂಗಳು ನಾನು ತಂಗಿಯ ಮುಖ ನೋಡಿದ್ದು ಎರಡೇ ಸಲ, ದೋಣಿ ಹತ್ತಿ ದಡ ಸೇರಿ ಅವಳಿರುವ ಡುಲೂತ್‌ಗೆ ಹೋಗಿ. ಆಮೇಲೆ ಎರಡು ವರ್ಷ ಪ್ರತಿ ಭಾನುವಾರ ಕ್ಯಾಮೆರಾ ಚೆನ್ನಾಗಿ ನಡೆಯಿತು. ಚೆನ್ನಾಗಿ ನಡೆಯುತ್ತಿದೆ ಅಂತ ನಾನು ಬಾಯಿಬಿಟ್ಟು ಹೇಳಬಾರದಿತ್ತು.

ಏಪ್ರಿಲ್ ಎರಡನೇ ವಾರ ಲೆಂಪಿಗೆ ಹೃದಯದ ಕವಾಟ ಬದಲಿಸಲು ದಿನ ಗೊತ್ತಾಯಿತು. ಮೇ ತಿಂಗಳಲ್ಲಿ ಅಂದಿದ್ದವರು ತಟ್ಟನೆ ಈ ಮಂಗಳವಾರ ಅಂದರು, ಕಾಯುವ ಹಾಗಿಲ್ಲ ಅಂದರು. ನಮ್ಮ ಕಡೆ ಅದು ಎರಡೂ ಇಲ್ಲದ ಹೊತ್ತು. ಸರೋವರದ ಮಂಜುಗಡ್ಡೆ ಕೊಳೆತು ಕಪ್ಪಾಗಿರುತ್ತದೆ, ಮೇಲೆ ನಡೆಯುವ ಹಾಗಿಲ್ಲ. ಗಡ್ಡೆ ಪೂರ್ತಿ ಒಡೆದಿರುವುದಿಲ್ಲ, ದೋಣಿ ಬರುವ ಹಾಗಿಲ್ಲ. ಅತ್ತ ದರಿ ಇತ್ತ ಪುಲಿ. ಕಿಟಕಿಯಲ್ಲಿ ನಿಂತರೆ ಆಚೆ ದಡದ ಮರಗಳು ಕಾಣುತ್ತವೆ, ಒಂದೊಂದಾಗಿ ಎಣಿಸಬಹುದು. ಅಷ್ಟು ಹತ್ತಿರ ಕಂಡರೂ ಹೋಗಲಾಗದು ಅನ್ನುವುದು ಎಂಥ ಹಿಂಸೆ ಅಂತ ಇಲ್ಲಿದ್ದವರಿಗೇ ಗೊತ್ತು.

ಲೆಂಪಿ ಸಂದೇಶ ಕಳಿಸಿದ್ದಳು: ‘ಮಂಗಳವಾರ ಒಂದು ಗಂಟೆಗೆ ಮುಖ ತೋರಿಸು. ಎರಡಕ್ಕೆ ಫೋನು ಇಸ್ಕೊಂಡುಬಿಡ್ತಾರೆ. ಆಮೇಲೆ ಏನಾಗುತ್ತೋ.’

ಆ ‘ಏನಾಗುತ್ತೋ’ ಎಂಬುದನ್ನು ಓದಿ ನಾನು ರಾತ್ರಿಯೆಲ್ಲ ಕಣ್ಣು ಮುಚ್ಚಲಿಲ್ಲ.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಏಲಕ್ಕಿ ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದೆ, ಸುಮ್ಮನೆ ಕೂರಲಾಗದೆ. ವರ್ನನ್ ಅಡುಗೆಮನೆಗೆ ಬಂದು, ಇವತ್ತು ಮುಖ್ಯವಾದ ದಿನ, ಅದಕ್ಕೇ ಲ್ಯಾಪ್‌ಟಾಪಿನಲ್ಲಿ ಎಲ್ಲವನ್ನೂ ಹೊಸದು ಮಾಡಿಟ್ಟಿದ್ದೇನೆ ಅಂದ. ಹಿಟ್ಟಿನಲ್ಲಿದ್ದ ಕೈ ಅಲ್ಲೇ ನಿಂತಿತು.

“ಹೊಸದು ಅಂದ್ರೆ?”

“ಕರ್ನಲ್ಲು. ತುಂಬಾ ಹಿಂದೆ ಬಿದ್ದಿತ್ತು ಕಣೇ.”

ಕರ್ನಲ್ ಅಂದರೆ ಲಿನಕ್ಸಿನ ಒಳತಿರುಳು. ಅದನ್ನು ಬದಲಿಸಿದರೆ ಕೈಯಾರೆ ಹೊಂದಿಸಿದ್ದ ಡ್ರೈವರುಗಳು ಬಿಟ್ಟುಕೊಳ್ಳುತ್ತವೆ ಅಂತ ಮೂವತ್ತು ವರ್ಷ ಅವನ ಗೊಣಗಾಟ ಕೇಳಿದ ನನಗೂ ಗೊತ್ತು. ಹೋಗಿ ನೋಡಿದರೆ ಕ್ಯಾಮೆರಾ ಕಗ್ಗತ್ತಲು, ವೈಫೈ ಕೂಡ ಇಲ್ಲ. ಮದುವೆಯ ದಿನ ಮದುಮಗಳ ಮುಖ ತೊಳೆಯಲು ಹೋಗಿ ಮೂಗು ಕಿತ್ತ ಹಾಗೆ.

ಗಾಬರಿಯೇನೂ ಬೇಕಿರಲಿಲ್ಲ. ಹಳೆಯ ಕರ್ನಲ್ಲನ್ನು ಒಂದು ಪಕ್ಕಕ್ಕೆ ಇಟ್ಟುಕೊಂಡಿರುವುದು ಲಿನಕ್ಸಿನವರಲ್ಲಿ ರೂಢಿ. ಯಂತ್ರ ಶುರುವಾಗುವಾಗ ಅದನ್ನು ಆರಿಸಿದರೆ ನಿನ್ನೆ ಇದ್ದ ಹಾಗೆಯೇ ಎದ್ದುಕೊಳ್ಳುತ್ತದೆ. ಅದನ್ನು ಆರಿಸು ಅಂದೆ. ವರ್ನನ್ ಗಡ್ಡ ಕೆರೆದುಕೊಂಡ. ಅವನು ಗಡ್ಡ ಕೆರೆದುಕೊಂಡರೆ ಏನೋ ಒಂದು ಹೋಯಿತು ಅಂತಲೇ ಅರ್ಥ.

“ಹೊಸದು ಬಂತಲ್ಲ ಅಂತ ಹಳೇದನ್ನೆಲ್ಲ ಅಳಿಸಿಬಿಟ್ಟೆ. ಸುಮ್ನೆ ಜಾಗ ತಿಂತಿತ್ತು.”

ನಾನು ಹೋಗಿ ಕೈಗಂಟಿದ್ದ ಹಿಟ್ಟು ತೊಳೆದುಕೊಂಡೆ. ಏನಾದರೂ ಅಂದಿದ್ದರೆ ನಿಲ್ಲಿಸುತ್ತಿರಲಿಲ್ಲ.

ವೈಫೈ ಬರಲು ಅದರ ಡ್ರೈವರ್ ಬೇಕು, ಡ್ರೈವರ್ ತರಲು ವೈಫೈ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ನೆಲಮಾಳಿಗೆಯಲ್ಲಿ ಒಂದು ಹಳೆಯ ಕಂಪ್ಯೂಟರಿದೆ, ಅದಕ್ಕೆ ಕ್ಯಾಮೆರಾ ಇಲ್ಲ, ಆದರೆ ತಂತಿಯ ಸಂಪರ್ಕವಿದೆ; ಆ ತಂತಿ ಸಿಕ್ಕಿಸುವ ಜಾಗ ನಮ್ಮ ತೆಳ್ಳಗಿನ ಲ್ಯಾಪ್‌ಟಾಪಿಗಿಲ್ಲ. ವರ್ನನ್ ಅದರಲ್ಲಿ ಡ್ರೈವರನ್ನು ಇಳಿಸಿಕೊಂಡು, ಹೆಬ್ಬೆರಳಷ್ಟು ಪೆನ್‌ಡ್ರೈವಿನಲ್ಲಿ ತುಂಬಿ ಮೇಲೆ ತಂದ. ಇದು ಸಾಲದು, ಇದಕ್ಕೆ ಇನ್ನೊಂದು ಬೇಕು ಅಂದಿತು ಲ್ಯಾಪ್‌ಟಾಪು. ಇಳಿದ. ತಂದ. ಆ ಇನ್ನೊಂದಕ್ಕೆ ಮತ್ತೊಂದು ಬೇಕು. ಮೊಣಕಾಲು ನೋವಿನ ಅರವತ್ತೇಳರ ಮುದುಕ ಹದಿನಾಲ್ಕು ಮೆಟ್ಟಿಲು ಹತ್ತಿ ಇಳಿಯುವುದನ್ನು ನೋಡಿ ಪಾಪ ಅನಿಸಬೇಕಿತ್ತು. ಅನಿಸಲಿಲ್ಲ.

ಹತ್ತೂವರೆಗೆ, ಊರಿನ ಲೈಬ್ರರಿಗೆ ಹೋಗಿಬಿಡುತ್ತೇನೆ, ಅಲ್ಲಿಯ ಕಂಪ್ಯೂಟರಿನಲ್ಲಿ ಮಾತಾಡುತ್ತೇನೆ ಅಂದೆ. ಮಂಜು ಕರಗಿ ರಸ್ತೆ ಗದ್ದೆಯಾಗಿದೆ, ಹನ್ನೆರಡು ಮೈಲಿಗೆ ಒಂದೂವರೆ ಗಂಟೆಯಾದರೂ ಬೇಕು, ಈಗ ಹೊರಟರೆ ಸರಿಹೋಗುತ್ತದೆ. ಹತ್ತೇ ನಿಮಿಷ ತಾಳು ಅಂದ. ಹನ್ನೊಂದೂಕಾಲಿಗೆ ನಾನು ಬೂಟು ಹಾಕಿಕೊಂಡು ಟ್ರಕ್ಕಿನ ಕೀಲಿ ಹಿಡಿದು ಬಾಗಿಲ ಹತ್ತಿರ ನಿಂತಾಗ ಒಳಗಿನಿಂದ ಬಂತು, ಬಂತು ಅಂತ ಕೂಗಿದ. ನಿಜವಾಗಿಯೂ ವೈಫೈ ಬಂದಿತ್ತು. ಇನ್ನು ಕ್ಯಾಮೆರಾ ಎಷ್ಟರದು, ಹತ್ತು ನಿಮಿಷ ಅಂದ. ನಾನು ಬೂಟು ಬಿಚ್ಚಿದೆ. ನನ್ನ ತಪ್ಪು ಅದು, ಬೇರೆ ಯಾರದೂ ಅಲ್ಲ. ಮೂವತ್ತನಾಲ್ಕು ವರ್ಷದಿಂದ ಬೂಟು ಹಾಕುವುದು, ಬಿಚ್ಚುವುದು, ಇದೇ ಆಗಿದೆ.

ಹನ್ನೆರಡೂವರೆಗೆ ಪರದೆ ಇನ್ನೂ ಕಪ್ಪಗಿತ್ತು. ಹೋಗುವ ಹೊತ್ತು ಮೀರಿತ್ತು. ನೀರಿನಾಚೆ ನನ್ನ ತಂಗಿ, ಈಚೆ ನಾನು, ನಡುವೆ ಇವನ ಬೆನ್ನು. ಕಿಟಕಿ ತೆಗೆದೆ, ಚಳಿ ಬರುತ್ತೆ ಅಂತ ಅವನೆಂದ, ಮುಚ್ಚಿದೆ. ತಡವಾಗುತ್ತೆ, ಕಾಯಿ ಅಂತ ಲೆಂಪಿಗೆ ಸಂದೇಶ ಕಳಿಸಿದೆ. ಕಾಯದೆ ಇನ್ನೇನು ಮಾಡಲಿ, ಕೈಗೆ ಸೂಜಿ ಚುಚ್ಚಿ ಕೂರಿಸಿದ್ದಾರೆ ಅಂತ ಬರೆದಳು.

ಒಂದೂ ಇಪ್ಪತ್ತೈದಕ್ಕೆ ಕ್ಯಾಮೆರಾ ಬಂತು. ಪರದೆಯ ಮೇಲೆ ನಾನಿದ್ದೆ, ನಮ್ಮ ಒಲೆ ಇತ್ತು, ಎಲ್ಲವೂ ತಲೆಕೆಳಗು.

“ಬಂತಲ್ಲ,” ಅಂದ ವರ್ನನ್. “ಉಲ್ಟಾ ಬಂದಿದೆ ಅಷ್ಟೇ. ಈ ಕ್ಯಾಮೆರಾನ ಫ್ಯಾಕ್ಟರೀಲೇ ತಿರುಗಿಸಿ ಕೂರಿಸಿರ್ತಾರೆ. ಹತ್ತು ನಿಮಿಷ ಕೊಡು.”

“ಏಳು ಮೇಲೆ,” ಅಂದೆ.

ನನ್ನ ದನಿ ನನಗೇ ಹೊಸದಾಗಿತ್ತು. ಅವನು ಎದ್ದ. ಲ್ಯಾಪ್‌ಟಾಪನ್ನು ಕಸಿದು, ಲೆಂಪಿಗೆ ಕರೆ ಹಚ್ಚಿ, ಬುಡಮೇಲು ಮಾಡಿ, ಪರದೆ ಕೆಳಗೆ ಬರುವ ಹಾಗೆ ಎರಡು ದಪ್ಪ ಪುಸ್ತಕಗಳ ನಡುವೆ ನಿಲ್ಲಿಸಿದೆ. ಕ್ಯಾಮೆರಾ ತಲೆಕೆಳಗಾದ್ದರಿಂದ ಲೆಂಪಿಗೆ ನಾನು ನೆಟ್ಟಗೆ ಕಂಡೆ. ಆದರೆ ನನ್ನ ಪರದೆಯೂ ತಿರುಗಿತ್ತಲ್ಲ, ನನಗೆ ಅವಳು ತಲೆಕೆಳಗಾಗಿ ಕಂಡಳು. ನಾನು ಸೋಫಾದ ಬೆನ್ನಿಗೆ ಕಾಲು ಹಾಕಿ, ತಲೆಯನ್ನು ಕೆಳಕ್ಕೆ ಇಳಿಬಿಟ್ಟು ನೋಡಿದೆ. ಆಗ ಅವಳು ನೆಟ್ಟಗಾದಳು, ನಾನು ಕೆಟ್ಟೆ, ಅವಳಿಗೆ ತಲೆಕೆಳಗಾಗಿ ಕಂಡೆ. ನನ್ನ ಅವತಾರ ಕಂಡು ಲೆಂಪಿ ನಕ್ಕ ನಗೆಗೆ ಅವಳ ಪಕ್ಕದ ಯಂತ್ರ ಕೂಗಿಕೊಂಡು ನರ್ಸ್ ಓಡಿಬಂದಳಂತೆ.

ತಲೆ ಇಳಿಬಿಟ್ಟು ಅವಳ ಮಾತು ನೋಡುವುದು, ಎದ್ದು ಕೂತು ನನ್ನ ಮಾತು ಹೇಳುವುದು. ಅರವತ್ಮೂರರಲ್ಲಿ ಈ ಕಸರತ್ತು. ಡಾಕ್ಟರನಿಗೆ ಇನ್ನೂ ಮೀಸೆಯೇ ಬಂದಿಲ್ಲ ಅಂದಳು. ಬೆಳಗ್ಗಿನಿಂದ ಹಸಿದಿದ್ದೇನೆ, ಏನು ಬೇಯಿಸಿದೆ ಅಂತ ಕೇಳಿದಳು. ಏಲಕ್ಕಿ ಬ್ರೆಡ್ ಅಂದೆ, ಹಿಟ್ಟು ಹಾಗೇ ಉಬ್ಬಿ ಹುಳಿಯಾಗುತ್ತಿದೆ ಅನ್ನಲಿಲ್ಲ. ಹೆದರಿಕೆಯಾಗುತ್ತಿದೆ ಅಂದಳು. ಅದೊಂದನ್ನು ಹೇಳಲು ಕೈ ಎದೆಯ ಹತ್ತಿರದಿಂದ ಏಳಲೇ ಇಲ್ಲ. ನನಗೂ ಅಂದೆ.

ಮತ್ತೆ ಮತ್ತೆ ಏಳುಬೀಳಾಡಿ ತಲೆ ಗಿರ್ರೆಂದಿತು. ಸೋಫಾ ಹಿಡಿದು ನೆಟ್ಟಗೆ ಕೂತೆ. ಅಷ್ಟರಲ್ಲಿ ನರ್ಸಿನ ಕೈ ಪರದೆಯೊಳಗೆ ಬಂತು. ಲೆಂಪಿ ಅವಸರದಲ್ಲಿ ಕೊನೆಯ ಮಾತು ಹೇಳಿದಳು.

ನಮ್ಮ ಭಾಷೆಯಲ್ಲಿ ಅಂಗೈ ಮೇಲೆ ಮಾಡಿ ಕೈ ಎತ್ತಿದರೆ ‘ಎದ್ದು ಬಾ’ ಅಂತ. ಅಂಗೈ ಕೆಳಗೆ ಮಾಡಿ ಒತ್ತಿದರೆ ‘ಇದ್ದಲ್ಲೇ ಇರು’ ಅಂತ. ತನ್ನ ಗಂಡ ತೀರಿದ ಹನ್ನೊಂದು ವರ್ಷದಿಂದ ಲೆಂಪಿ ನನ್ನನ್ನು ಬೀಳ್ಕೊಡುವಾಗಲೆಲ್ಲ ಮೊದಲನೆಯದನ್ನೇ ಹೇಳುತ್ತಿದ್ದಳು. ನನ್ನ ಮನೆಯ ಮೇಲಿನ ಕೋಣೆ ಖಾಲಿ ಇದೆ, ಆ ದ್ವೀಪ ಬಿಡು, ಆ ಮನುಷ್ಯನನ್ನು ಅವನ ಯಂತ್ರಗಳಿಗೆ ಬಿಡು, ಬಾ. ನಾನು ಪ್ರತಿ ಸಲ ತಲೆಯಾಡಿಸಿ ಬೇಡ ಅನ್ನುತ್ತಿದ್ದೆ.

ಈ ಸಲ ಅವಳ ಅಂಗೈ ಕೆಳಗಿತ್ತು. ಎರಡು ಸಲ ಒತ್ತಿದಳು. ಇದ್ದಲ್ಲೇ ಇರು.

ನನಗೆ ಎಷ್ಟು ನಿರಾಳವಾಯಿತೆಂದರೆ, ಪಕ್ಕದಲ್ಲಿ ಇಲ್ಲದ್ದಕ್ಕೆ ಅವಳು ನನ್ನನ್ನು ಕ್ಷಮಿಸಿದಳು ಅಂದುಕೊಂಡು ಎರಡೂ ಕೈಯಲ್ಲಿ ಹೂಂ ಅಂದೆ. ಹೂಂ, ಹೂಂ, ಖಂಡಿತ. ಅವಳ ಮುಖ ಅರಳಿತೋ ಅತ್ತಿತೋ, ತಲೆಕೆಳಗಾದ ಮುಖದಲ್ಲಿ ತಿಳಿಯಲಿಲ್ಲ. ಪರದೆ ಆರಿತು.

ಅಡುಗೆಮನೆಗೆ ಹೋಗಿ ಹುಳಿಯಾದ ಹಿಟ್ಟನ್ನು ಬಕೆಟ್ಟಿಗೆ ಸುರಿದೆ. ಆಗ ಅಳು ಬಂತು. ಲೋಕದಲ್ಲಿ ನನ್ನನ್ನು ಬಾ ಅನ್ನುವವಳು ಅವಳೊಬ್ಬಳಿದ್ದಳು. ನಾನು ಹೋಗುವವಳಲ್ಲ, ಆದರೂ ಆ ‘ಬಾ’ ನನ್ನ ಮನೆಗಿದ್ದ ಇನ್ನೊಂದು ಬಾಗಿಲು. ಅವಳಿಗೂ ಸಾಕಾಗಿ ಅದನ್ನು ಮುಚ್ಚಿಕೊಂಡು ಹೋದಳು. ಇನ್ನು ನಾನು ಇಲ್ಲೇ, ಇವನ ಹತ್ತು ನಿಮಿಷಗಳೊಳಗೆ, ಸಾಯುವ ತನಕ.

ಮೂರೂ ಇಪ್ಪತ್ತಕ್ಕೆ ವರ್ನನ್ ಲ್ಯಾಪ್‌ಟಾಪನ್ನು ಎದೆಗಪ್ಪಿಕೊಂಡು ಬಂದ. ಸರಿಹೋಯಿತು, ಎಲ್ಲೋ ಒಂದು ಕಡೆ ಒಂದೇ ಒಂದು ಸಾಲು ಬರೆಯಬೇಕಿತ್ತು ಅಂದ. ಪರದೆಯಲ್ಲಿ ನಮ್ಮ ಒಲೆ ನೆಟ್ಟಗೆ ನಿಂತಿತ್ತು. ನಾನು ಮೆಚ್ಚಿಕೊಳ್ಳಲಿಲ್ಲ ಅಂತ ಕಂಡು ಎದುರು ಕೂತ. ನಾಚಿಕೆಯಾಗಿತ್ತು ಅಂತ ಕಾಣುತ್ತದೆ. ಎಂದೂ ಕೇಳದವನು, ಕೊನೆಯಲ್ಲಿ ಏನಂದಳು ಅಂತ ಕೇಳಿದ.

ಅಂಗೈ ಕೆಳಗೆ ಮಾಡಿ ಎರಡು ಸಲ ಒತ್ತಿ ತೋರಿಸಿದೆ.

ಯಂತ್ರ ತಪ್ಪು ತೋರಿಸಿದಾಗ ನೋಡುವ ಹಾಗೆ ನನ್ನ ಕೈಯನ್ನೇ ನೋಡಿದ.

“ಆಗ ನೀನು ಎದ್ದು ಕೂತಿದ್ದೆ ಅಲ್ವಾ? ತಲೆ ತಿರುಗ್ತಿದೆ ಅಂತ.”

ಹೌದು ಅಂದೆ.

“ಹಾಗಾದ್ರೆ ನೀನು ನೋಡಿದ್ದು ಉಲ್ಟಾ ಕಣೇ. ಅವಳು ಮಾಡಿರೋದು ಹೀಗೆ.”

ವರ್ನನ್ ಅಂಗೈ ಮೇಲೆ ಮಾಡಿ ನನ್ನ ಮುಖದ ಮುಂದೆ ಕೈಯನ್ನು ನಿಧಾನವಾಗಿ ಎತ್ತಿದ. ಎರಡು ಸಲ. ಮೂವತ್ತನಾಲ್ಕು ವರ್ಷದಲ್ಲಿ ನಮ್ಮ ಭಾಷೆಯ ಒಂದು ಮಾತನ್ನೂ ಕಲಿಯದಿದ್ದವನು.

“ಏನು ಹಾಗಂದ್ರೆ?” ಅಂದ, ಕೈ ಇನ್ನೂ ಮೇಲೇ ಇತ್ತು.

“ಅದೆಲ್ಲಾ ಬಿಟ್ಟು ಎದ್ದು ಬಾ ಅಂತ,” ಅಂದೆ. “ನಾನು ಹೂಂ ಅಂದೆ, ವರ್ನನ್. ಅವಳು ಅದನ್ನ ನೋಡ್ಕೊಂಡೇ ಒಳಗೆ ಹೋಗಿದಾಳೆ.”